ಹಳೆಯ ಕಾರಿನ ಮರುಜೋಡಣೆ: ಹ್ಯಾಂಡ್‌ಬ್ರೇಕ್ ಕಟ್ಟುವ ಸರಿಯಾದ ಕ್ರಮ

ಹಳೆಯ ಕಾರನ್ನು ಮನೆಯ ಅಂಗಳದಲ್ಲೇ ಬಿಚ್ಚಿ, ತೊಳೆದು, ಮರಳಿ ಕಟ್ಟುವ ಹವ್ಯಾಸಿಗಳು ಎಂಜಿನ್ನಿಗೂ ಬಣ್ಣಕ್ಕೂ ಕೊಡುವ ಗಮನವನ್ನು ಹ್ಯಾಂಡ್‌ಬ್ರೇಕಿಗೆ ಕೊಡುವುದು ವಿರಳ. ಎಲ್ಲ ಕೆಲಸ ಮುಗಿದ ಮೇಲೆ ಕೇಬಲ್ಲಿನ ತುದಿಯ ನಟ್ಟನ್ನು ನಾಲ್ಕು ಸುತ್ತು ಬಿಗಿದು, ಹಿಡಿಕೆಯನ್ನೊಮ್ಮೆ ಎಳೆದು ನೋಡಿ, 'ಹಿಡಿಯಿತು' ಎಂದು ಕೈ ಒರೆಸಿಕೊಳ್ಳುವುದೇ ವಾಡಿಕೆ. ಹಿಡಿದದ್ದೇನೋ ನಿಜ. ಎಂಥ ಇಳಿಜಾರಿನಲ್ಲಿ, ಎಷ್ಟು ಭಾರ ಹೊತ್ತಾಗ, ಎಷ್ಟು ಹೊತ್ತು ಹಿಡಿದೀತು ಎಂಬುದು ಬೇರೆಯೇ ಪ್ರಶ್ನೆ. ಕಾಲಿನ ಬ್ರೇಕ್ ದುರ್ಬಲವಾದರೆ ಚಾಲಕನು ಸೀಟಿನಲ್ಲಿ ಕುಳಿತೇ ಅದನ್ನು ಅರಿಯುತ್ತಾನೆ. ಹ್ಯಾಂಡ್‌ಬ್ರೇಕ್ ಕೈಕೊಟ್ಟಾಗ ಕಾರಿನೊಳಗೆ ಚಾಲಕನಿರುವುದಿಲ್ಲ. ಹಿಂಬದಿಯ ಸೀಟಿನಲ್ಲಿ ಮಕ್ಕಳಿರಬಹುದು, ಕಾರಿನ ಮುಂದೆ ಇನ್ನಾರೋ ನಡೆದುಹೋಗುತ್ತಿರಬಹುದು.

ಈ ವಿಷಯಕ್ಕೆ ಈಗ ಹೆಚ್ಚಿನ ಮಹತ್ವ ಬಂದಿರುವುದಕ್ಕೆ ಕಾರಣವಿದೆ. 1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ ಮಾರುತಿ 800ರ ಉತ್ಪಾದನೆ 2014ರ ಜನವರಿಯಲ್ಲಿ ನಿಂತಿತು. ಅದೇ ವರ್ಷ ಅಂಬಾಸಿಡರ್ ಕಾರಿನ ತಯಾರಿಕೆಯೂ ಸ್ಥಗಿತಗೊಂಡಿತು. ಇವುಗಳಲ್ಲಿ ಇಂದಿಗೂ ಉಳಿದಿರುವ ಬಹುಪಾಲು ಕಾರುಗಳು ಹದಿನೈದು ವರ್ಷದ ಗಡಿಯನ್ನು ದಾಟಿವೆ, ಇಲ್ಲವೇ ಅದರ ಹೊಸ್ತಿಲಲ್ಲಿವೆ. ತಂದೆಯ ಕಾಲದ ಕಾರನ್ನು ಗುಜರಿಗೆ ಹಾಕಲು ಮನಸ್ಸಾಗದೆ ತಾವೇ ಸ್ಪಾನರ್ ಹಿಡಿದವರ ಸಂಖ್ಯೆ ಕಡಿಮೆಯೇನಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಬ್ರೇಕ್ ಶೂ, ಕೇಬಲ್ಲು, ಸ್ಪ್ರಿಂಗ್ ಎಲ್ಲವೂ ದೊರೆಯುತ್ತವೆ. ಅವನ್ನು ಯಾವ ಕ್ರಮದಲ್ಲಿ ಜೋಡಿಸಬೇಕೆಂಬ ವಿವರ ಮಾತ್ರ ಪೊಟ್ಟಣದೊಳಗೆ ಬರುವುದಿಲ್ಲ.

ಕ್ರಮದ ತಿರುಳು ಒಂದೇ. ಹ್ಯಾಂಡ್‌ಬ್ರೇಕನ್ನು ಚಕ್ರದಿಂದ ಆರಂಭಿಸಿ ಹಿಡಿಕೆಯ ಕಡೆಗೆ ಕಟ್ಟುತ್ತಾ ಬರಬೇಕು. ಕೇಬಲ್ಲಿನ ನಟ್ಟು ಎಲ್ಲಕ್ಕಿಂತ ಕೊನೆಯ ಕೆಲಸ. ಹಿಡಿಕೆಯಿಂದ ಆರಂಭಿಸಿದವರು ಚಕ್ರದೊಳಗಿನ ದೋಷವನ್ನು ಕೇಬಲ್ಲಿನ ಬಿಗಿತದಿಂದ ಮುಚ್ಚಿಡುತ್ತಾರೆ. ಹಾಗೆ ಮುಚ್ಚಿಟ್ಟ ದೋಷ ಹೊರಬೀಳುವುದು ಇಳಿಜಾರಿನಲ್ಲಿ.

ಕಾನೂನಿನ ಅಪೇಕ್ಷೆ

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 96ನೇ ನಿಯಮದಂತೆ ಮೋಟಾರು ಸೈಕಲ್ ಮುಂತಾದ ಕೆಲವನ್ನು ಹೊರತುಪಡಿಸಿ ಪ್ರತಿಯೊಂದು ವಾಹನದಲ್ಲಿ ಪರಸ್ಪರ ಸ್ವತಂತ್ರವಾದ ಎರಡು ಬ್ರೇಕ್ ವ್ಯವಸ್ಥೆಗಳಿರಬೇಕು: ಕಾಲಿನಿಂದ ಒತ್ತುವುದೊಂದು, ನಿಲುಗಡೆಗೆ ಬಳಸುವುದೊಂದು. ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಿಸುವಾಗ ವಾಹನ ಸುಸ್ಥಿತಿಯಲ್ಲಿದೆಯೆಂದು ತೋರಿಸಬೇಕಾಗುತ್ತದೆ. ಕಾರುಗಳ ಬ್ರೇಕ್ ಕುರಿತ ವಿಶ್ವಸಂಸ್ಥೆಯ 13-ಎಚ್ ನಿಯಮಾವಳಿಯು ಪೂರ್ಣ ಭಾರ ಹೊತ್ತ ಕಾರನ್ನು ಶೇ. 20ರ ಇಳಿಜಾರಿನಲ್ಲಿ, ಏರುಮುಖವಾಗಿಯೂ ಇಳಿಮುಖವಾಗಿಯೂ, ಹ್ಯಾಂಡ್‌ಬ್ರೇಕ್ ಒಂದೇ ಹಿಡಿದು ನಿಲ್ಲಿಸಬೇಕೆಂದು ಹೇಳುತ್ತದೆ. ಶೇ. 20 ಎಂದರೆ ನೂರು ಮೀಟರ್ ಮುಂದೆ ಸಾಗುವಷ್ಟರಲ್ಲಿ ಇಪ್ಪತ್ತು ಮೀಟರ್ ಮೇಲೇರುವ ದಾರಿ. ಕೋನದ ಲೆಕ್ಕದಲ್ಲಿ ಹನ್ನೊಂದು ಡಿಗ್ರಿಗಿಂತ ತುಸು ಹೆಚ್ಚು. ಇಂಥ ದಾರಿಯಲ್ಲಿ ಜನರೂ ಸಾಮಾನೂ ಸೇರಿ 900 ಕಿಲೋ ತೂಗುವ ಪುಟ್ಟ ಕಾರು ಸುಮಾರು 175 ಕಿಲೋ ಬಲದಿಂದ ಕೆಳಕ್ಕೆ ಜಗ್ಗುತ್ತದೆ. ಎರಡು ಬೆರಳಿನ ದಪ್ಪವೂ ಇಲ್ಲದ ಕೇಬಲ್ಲು, ಅಂಗೈಯಗಲದ ನಾಲ್ಕು ಶೂಗಳು ಈ ಜಗ್ಗಾಟವನ್ನು ಗಂಟೆಗಟ್ಟಲೆ ತಡೆದಿರಬೇಕು.

ಡ್ರಮ್ಮಿನೊಳಗೆ ನಡೆಯುವುದೇನು?

ನಮ್ಮ ಬಹುಪಾಲು ಸಣ್ಣ ಕಾರುಗಳ ಹಿಂದಿನ ಚಕ್ರಗಳಿಗೆ ಡ್ರಮ್ ಬ್ರೇಕ್ ಇರುತ್ತದೆ. ಚಕ್ರದೊಡನೆ ತಿರುಗುವ ಡ್ರಮ್ಮಿನೊಳಗೆ, ತಿರುಗದ ಬ್ಯಾಕ್ ಪ್ಲೇಟಿನ ಮೇಲೆ, ಬಾಗಿದ ಎರಡು ಶೂಗಳು ಎದುರುಬದುರಾಗಿ ನಿಂತಿರುತ್ತವೆ. ಕಾಲಿನ ಬ್ರೇಕ್ ಒತ್ತಿದಾಗ ಮೇಲ್ತುದಿಯಲ್ಲಿರುವ ವೀಲ್ ಸಿಲಿಂಡರ್, ಬ್ರೇಕ್ ಎಣ್ಣೆಯ ಒತ್ತಡದಿಂದ, ಎರಡನ್ನೂ ಹೊರಕ್ಕೆ ತಳ್ಳುತ್ತದೆ.

ಹ್ಯಾಂಡ್‌ಬ್ರೇಕಿಗೆ ಈ ಎಣ್ಣೆಯ ಸಹವಾಸವಿಲ್ಲ. ಎಣ್ಣೆಯ ಒತ್ತಡ ಕಾಲಕ್ರಮದಲ್ಲಿ ಸೋರಿ ಇಳಿಯಬಹುದಾದ್ದರಿಂದ, ರಾತ್ರಿಯಿಡೀ ನಿಲ್ಲಬೇಕಾದ ವಾಹನವನ್ನು ಅದರ ಕೈಗೆ ಒಪ್ಪಿಸುವಂತಿಲ್ಲ. ಹಾಗಾಗಿ ಹಿಂಬದಿಯ ಶೂವಿನ ಮೇಲ್ಭಾಗದಲ್ಲಿ ಒಂದು ಪಿನ್ನಿಗೆ ಉಕ್ಕಿನ ಪಟ್ಟಿಯಂಥ ಲಿವರ್ ಅಳವಡಿಸಿರುತ್ತಾರೆ. ಲಿವರಿನ ಕೆಳತುದಿಗೆ ಕೇಬಲ್ಲು ಸಿಕ್ಕಿಕೊಂಡಿರುತ್ತದೆ. ಪಿನ್ನಿಗಿಂತ ತುಸು ಕೆಳಗೆ, ಲಿವರಿಗೂ ಎದುರಿನ ಶೂವಿಗೂ ನಡುವೆ, ಸ್ಟ್ರಟ್ ಎಂಬ ಅಡ್ಡಪಟ್ಟಿ ಇರುತ್ತದೆ. ಹಿಡಿಕೆ ಎಳೆದಾಗ ಲಿವರಿನ ಕೆಳತುದಿ ಮುಂದಕ್ಕೆ ಬರುತ್ತದೆ. ಲಿವರ್ ಸ್ಟ್ರಟ್ಟನ್ನು ತಳ್ಳುತ್ತದೆ, ಸ್ಟ್ರಟ್ ಮುಂದಿನ ಶೂವನ್ನು ಡ್ರಮ್ಮಿಗೆ ಒತ್ತುತ್ತದೆ. ಮುಂದಿನ ಶೂ ಡ್ರಮ್ಮಿಗೆ ತಾಗಿ ನಿಂತೊಡನೆ ಬಲವು ಹಿಂದಿರುಗಿ, ಪಿನ್ನಿನ ಮೂಲಕ ಹಿಂದಿನ ಶೂವನ್ನೂ ಒತ್ತುತ್ತದೆ. ಒಂದು ಎಳೆತದಿಂದ ಎರಡು ಶೂಗಳ ಕೆಲಸ. ಈ ಸರಳ ಜೋಡಣೆಯಲ್ಲಿ ಒಂದು ತುಂಡು ತಿರುವುಮುರುವಾದರೂ ಬಲ ಒಂದೇ ಶೂವಿಗೆ ಸಿಗುತ್ತದೆ, ಇಲ್ಲವೇ ಯಾವುದಕ್ಕೂ ಸಿಗುವುದಿಲ್ಲ.

ಸ್ಟ್ರಟ್ಟಿಗೆ ಇನ್ನೊಂದು ಹೊಣೆಯೂ ಇದೆ. ಶೂಗಳ ಲೈನಿಂಗ್ ಸವೆದಂತೆ ಡ್ರಮ್ಮಿಗೂ ಶೂವಿಗೂ ನಡುವಿನ ಅಂತರ ಹಿಗ್ಗುತ್ತದೆ. ಅನೇಕ ಕಾರುಗಳಲ್ಲಿ ಸ್ಟ್ರಟ್ ತಾನಾಗಿಯೇ ಒಂದೊಂದು ಹಲ್ಲು ಮುಂದಕ್ಕೆ ಸರಿದು ಉದ್ದವಾಗಿ ಆ ಅಂತರವನ್ನು ತುಂಬುತ್ತದೆ. ಇದೇ ಸ್ವಯಂ ಹೊಂದಾಣಿಕೆಯ ಅಡ್ಜಸ್ಟರ್. ಇದು ಕೆಲಸ ಮಾಡಬೇಕಾದರೆ ಹಿಡಿಕೆ ಇಳಿಸಿದಾಗ ಲಿವರ್ ಪೂರ್ತಿ ಹಿಂದಕ್ಕೆ ಹೋಗಿ, ಶೂವಿನ ಮೇಲಿನ ತಡೆಗೆ ತಾಗಿ ವಿಶ್ರಮಿಸಬೇಕು. ಕೇಬಲ್ಲನ್ನು ಮೊದಲೇ ಬಿಗಿದುಬಿಟ್ಟರೆ ಲಿವರಿಗೆ ಆ ವಿಶ್ರಾಂತಿ ಸಿಗುವುದಿಲ್ಲ. ಅಡ್ಜಸ್ಟರ್ ಸ್ತಬ್ಧವಾಗುತ್ತದೆ, ಕಾಲಿನ ಪೆಡಲ್ ದಿನದಿನಕ್ಕೆ ಆಳಕ್ಕಿಳಿಯುತ್ತದೆ, ಶೂಗಳು ಡ್ರಮ್ಮಿಗೆ ಸದಾ ಉಜ್ಜುತ್ತಾ ಬಿಸಿಯೇರುತ್ತವೆ. ಹ್ಯಾಂಡ್‌ಬ್ರೇಕ್ 'ಚೆನ್ನಾಗಿ ಹಿಡಿಯಲಿ' ಎಂದು ಬಿಗಿದ ನಟ್ಟು ಎರಡೂ ಬ್ರೇಕುಗಳನ್ನು ಕೆಡಿಸುವುದು ಹೀಗೆ.

ಬಿಚ್ಚುವ ಮುನ್ನ

ಕಾರನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಮುಂದಿನ ಚಕ್ರಗಳ ಎರಡೂ ಬದಿಗೆ ಅಡೆಗಟ್ಟೆ ಕೊಟ್ಟು, ಹಿಂಭಾಗವನ್ನು ಸ್ಟ್ಯಾಂಡುಗಳ ಮೇಲೆ ಕೂರಿಸಬೇಕು. ಜಾಕ್ ಎತ್ತುವುದಕ್ಕೆ ಮಾತ್ರ. ಅದನ್ನು ನಂಬಿ ಕಾರಿನಡಿಗೆ ಹೋಗಬಾರದು. ಕೆಲಸ ನಡೆಯುತ್ತಿರುವುದು ಹ್ಯಾಂಡ್‌ಬ್ರೇಕಿನ ಮೇಲೆಯೇ ಆದ್ದರಿಂದ ಕಾರನ್ನು ಹಿಡಿದಿಡಲು ಅಡೆಗಟ್ಟೆಗಳಲ್ಲದೆ ಬೇರೇನೂ ಇರುವುದಿಲ್ಲ ಎಂಬುದನ್ನು ಮರೆಯುವವರುಂಟು.

ಹಿಡಿಕೆ ಇಳಿಸಿ, ಕೇಬಲ್ಲಿನ ನಟ್ಟನ್ನು ಸಾಕಷ್ಟು ಸಡಿಲಿಸಿದ ಬಳಿಕವೇ ಡ್ರಮ್ಮನ್ನು ತೆಗೆಯಬೇಕು. ಒಳಗಿನ ಕಪ್ಪು ಧೂಳನ್ನು ಊದಬಾರದು, ಒಣಬ್ರಷ್ಷಿನಿಂದ ಕೊಡವಲೂಬಾರದು. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ಧೂಳು ಶ್ವಾಸಕೋಶಕ್ಕೆ ಹೊಕ್ಕರೆ ಉಂಟಾಗುವ ರೋಗಗಳು ಕಾಣಿಸಿಕೊಳ್ಳುವುದು ದಶಕಗಳ ನಂತರ. ನೀರು ಅಥವಾ ಬ್ರೇಕ್ ಕ್ಲೀನರ್ ಸಿಂಪಡಿಸಿ, ಒದ್ದೆಯಾಗಿರುವಾಗಲೇ ಒರೆಸಿ ತೆಗೆಯುವುದು ಕ್ಷೇಮ.

ಎರಡೂ ಬದಿಗಳನ್ನು ಒಮ್ಮೆಗೇ ಬಿಚ್ಚದಿರುವುದು ಹಳೆಯ ಮೆಕ್ಯಾನಿಕ್‌ಗಳ ಪದ್ಧತಿ. ಒಂದು ಬದಿ ಕಟ್ಟುವಾಗ ಇನ್ನೊಂದು ಬದಿ ಮಾದರಿಯಾಗಿ ನಿಲ್ಲುತ್ತದೆ. ಆದರೆ ಎಡಬದಿಯು ಬಲಬದಿಯ ಕನ್ನಡಿ ಪ್ರತಿಬಿಂಬವೇ ಹೊರತು ಪಡಿಯಚ್ಚಲ್ಲ. ಕಣ್ಣು ಇದನ್ನು ಗ್ರಹಿಸಿದರೂ ಕೈ ಎಷ್ಟೋ ಸಲ ಗ್ರಹಿಸುವುದಿಲ್ಲ. ಈಗ ಮೊಬೈಲಿನಲ್ಲಿ ಹಂತಹಂತವಾಗಿ ಚಿತ್ರ ತೆಗೆದಿಟ್ಟುಕೊಳ್ಳುವುದು ಸುಲಭ. ಆದರೂ ಒಂದು ಎಚ್ಚರಿಕೆ ಅಗತ್ಯ. ಚಿತ್ರವು ಹೇಳುವುದು ಕಾರು ಹೇಗಿತ್ತು ಎಂದೇ ಹೊರತು ಹೇಗಿರಬೇಕಿತ್ತು ಎಂದಲ್ಲ. ಮೂವತ್ತು ವರ್ಷದಲ್ಲಿ ಹತ್ತಾರು ಗ್ಯಾರೇಜುಗಳನ್ನು ಕಂಡ ಕಾರಿನೊಳಗೆ ಹಿಂದಿನವರ ತಪ್ಪು ಭದ್ರವಾಗಿ ಕುಳಿತಿರುವ ಸಾಧ್ಯತೆ ಇದ್ದೇ ಇದೆ. ಆಯಾ ಮಾದರಿಯ ಸರ್ವಿಸ್ ಕೈಪಿಡಿಯ ಚಿತ್ರದೊಡನೆ ಹೋಲಿಸಿ ನೋಡದೆ ಯಾವ ಫೋಟೋವನ್ನೂ ನಂಬತಕ್ಕದ್ದಲ್ಲ.

ಜೋಡಣೆ: ತುಂಡುಗಳು ಹಲವು, ಜಾಗ ಒಂದೊಂದೇ

ಮೊದಲು ಬ್ಯಾಕ್ ಪ್ಲೇಟ್. ಶೂಗಳ ಅಂಚು ಉಜ್ಜಿಕೊಂಡು ಸರಿಯುವ ಉಬ್ಬುಗಳು ಇದರ ಮೇಲಿರುತ್ತವೆ. ಸಾಮಾನ್ಯವಾಗಿ ಒಂದು ಶೂವಿಗೆ ಮೂರು. ದೀರ್ಘಕಾಲದ ಉಜ್ಜಾಟದಿಂದ ಅಲ್ಲಿ ತಗ್ಗು ಬಿದ್ದಿದ್ದರೆ ಶೂ ಆ ತಗ್ಗಿನಲ್ಲಿ ಸಿಕ್ಕಿಕೊಳ್ಳುತ್ತದೆ, ಹಿಡಿಕೆ ಇಳಿಸಿದರೂ ಬಿಡುವುದಿಲ್ಲ. ಉಬ್ಬುಗಳನ್ನು ಮರಳುಕಾಗದದಿಂದ ನುಣುಪಾಗಿಸಿ, ಹೆಚ್ಚು ಶಾಖ ತಡೆಯುವ ಬ್ರೇಕ್ ಗ್ರೀಸನ್ನು ತೆಳುವಾಗಿ ಸವರಬೇಕು. ಕುಂಕುಮವಿಟ್ಟಷ್ಟು ಸಾಕು. ಹೆಚ್ಚಾದ ಗ್ರೀಸ್ ಬಿಸಿಗೆ ಕರಗಿ ಲೈನಿಂಗಿಗೆ ತಗುಲಿದರೆ ಅಷ್ಟೂ ಶ್ರಮ ವ್ಯರ್ಥ. ವೀಲ್ ಸಿಲಿಂಡರಿನ ರಬ್ಬರ್ ಮುಸುಕನ್ನು ತುಸು ಎತ್ತಿ ನೋಡಿ, ಒಳಗೆ ಒದ್ದೆ ಕಂಡರೆ ಸಿಲಿಂಡರನ್ನು ಆಗಲೇ ಬದಲಿಸುವುದು ಲೇಸು. ಎಣ್ಣೆ ಹೀರಿದ ಲೈನಿಂಗನ್ನು ತೊಳೆದು, ಸುಟ್ಟು, ಉಜ್ಜಿ ಮರಳಿ ಬಳಸುವ ಮಿತವ್ಯಯ ಕೆಲವೆಡೆ ಈಗಲೂ ಇದೆ. ಮೇಲ್ಮೈ ಒಣಗಿದಂತೆ ಕಂಡರೂ ಡ್ರಮ್ ಬಿಸಿಯಾದಾಗ ಒಳಗಿನ ಎಣ್ಣೆ ಮತ್ತೆ ಹೊರಬರುತ್ತದೆ. ಅಂಥ ಶೂ ಬಳಕೆಗೆ ಯೋಗ್ಯವಲ್ಲ.

ಮುಂದಿನ ಹಂತದಲ್ಲಿ ಲಿವರ್. ಹೊಸ ಶೂಗಳ ಪೊಟ್ಟಣದಲ್ಲಿ ಲಿವರ್ ಇಲ್ಲದಿದ್ದರೆ ಹಳೆಯದನ್ನೇ ಬಿಚ್ಚಿ ಹೊಸ ಶೂವಿಗೆ ಕೂರಿಸಬೇಕಾಗುತ್ತದೆ. ಪಿನ್ನಿನ ಮೇಲೆ ಬರುವ ಅಲೆಯಾಕಾರದ ತೆಳು ವಾಷರನ್ನು ಬಿಡಬಾರದು. ಕ್ಲಿಪ್ ಹೊಸದೇ ಆಗಿರಲಿ. ಕ್ಲಿಪ್ ಬಿಗಿದ ನಂತರ ಲಿವರ್ ಬೆರಳಿನ ತಳ್ಳುವಿಕೆಗೇ ಸರಾಗವಾಗಿ ಆಡಬೇಕು, ಅಕ್ಕಪಕ್ಕ ಓಲಾಡಕೂಡದು. ಲಿವರ್ ಇರುವ ಶೂ ಕಾರಿನ ಹಿಂಬದಿಗೆ ಬರುತ್ತದೆ. ಕೇಬಲ್ಲು ಮುಂದಿನಿಂದ ಬರುವುದಾದ್ದರಿಂದ ಲಿವರ್ ಮುಂದಕ್ಕೆ ಎಳೆಯಲ್ಪಡಬೇಕು ಎಂಬುದನ್ನು ನೆನಪಿಟ್ಟರೆ ಈ ಗೊಂದಲ ಬಾರದು.

ಬಳಿಕ ಸ್ಟ್ರಟ್. ಮನೆಯ ಜೋಡಣೆಯಲ್ಲಿ ಅತಿ ಹೆಚ್ಚು ತಪ್ಪುಗಳಾಗುವುದು ಈ ತುಂಡಿನಲ್ಲಿ, ಅದೂ ಮೂರು ಬಗೆಯಲ್ಲಿ. ಮೊದಲನೆಯದು, ಎಡ ಬಲಗಳ ಅದಲುಬದಲು. ತಿರುಪಿನ ಅಡ್ಜಸ್ಟರ್ ಇರುವ ಬ್ರೇಕುಗಳಲ್ಲಿ ಒಂದು ಬದಿಯದು ಬಲಸುತ್ತಿನ ತಿರುಪಾದರೆ ಇನ್ನೊಂದು ಬದಿಯದು ಎಡಸುತ್ತಿನದು. ಅವು ಅದಲುಬದಲಾದರೆ ಅಡ್ಜಸ್ಟರ್ ಹಿಗ್ಗಬೇಕಾದಲ್ಲಿ ಕುಗ್ಗುತ್ತದೆ. ಕಾರು ಓಡಿದಷ್ಟೂ ಬ್ರೇಕ್ ಸಡಿಲಗೊಳ್ಳುತ್ತದೆ. ಎಷ್ಟೋ ತುಂಡುಗಳ ಮೇಲೆ ಎಡ, ಬಲ ಎಂಬ ಗುರುತಿನ ಇಂಗ್ಲಿಷ್ ಅಕ್ಷರ ಒತ್ತಿರುತ್ತಾರೆ. ತುಕ್ಕು ಉಜ್ಜಿ ನೋಡಿದರೆ ಕಾಣುತ್ತದೆ. ಎರಡನೆಯದು, ಸ್ಟ್ರಟ್ಟಿನ ಸೀಳುತುದಿಗಳ ತಿರುವು. ಒಂದು ತುದಿಯ ಸೀಳು ಶೂವಿಗೆ, ಇನ್ನೊಂದು ತುದಿಯದು ಶೂ ಮತ್ತು ಲಿವರ್ ಎರಡಕ್ಕೂ ಸಿಕ್ಕಿಕೊಳ್ಳಬೇಕು. ಎರಡನೆಯ ತುದಿ ಶೂವಿಗೆ ಮಾತ್ರ ಸಿಕ್ಕಿ ಲಿವರ್ ಅದರ ಪಕ್ಕದಲ್ಲಿ ಜಾರಿಹೋದರೆ ಹೊರನೋಟಕ್ಕೆ ಏನೂ ಕುಂದು ಕಾಣುವುದಿಲ್ಲ. ಕಾಲಿನ ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತದೆ. ಹ್ಯಾಂಡ್‌ಬ್ರೇಕ್ ಮಾತ್ರ ಗಾಳಿಯನ್ನು ಎಳೆಯುತ್ತಿರುತ್ತದೆ. ಮೂರನೆಯದು, ಹಳೆಯ ಉದ್ದದಲ್ಲೇ ಕೂರಿಸುವುದು. ಸವೆದ ಶೂಗಳಿಗೆ ತಕ್ಕಂತೆ ಹಿಗ್ಗಿದ್ದ ಸ್ಟ್ರಟ್ಟನ್ನು ಪೂರ್ತಿ ಕುಗ್ಗಿಸದೆ ಹೊಸ ಶೂಗಳ ನಡುವೆ ಇಟ್ಟರೆ ಡ್ರಮ್ಮು ಒಳಗೆ ಹೋಗುವುದೇ ಇಲ್ಲ. ಆಗ ಸುತ್ತಿಗೆ ಕೈಗೆ ಬರುತ್ತದೆ.

ಸ್ಪ್ರಿಂಗುಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಮೇಲಿನದು, ಕೆಳಗಿನದು, ಅಡ್ಜಸ್ಟರಿನದು ಬೇರೆಬೇರೆ ಉದ್ದ, ಬೇರೆಬೇರೆ ಬಿಗುಪು; ಕೆಲವಕ್ಕೆ ಬಣ್ಣದ ಗುರುತೂ ಇರುತ್ತದೆ. ಯಾವ ಕೊಕ್ಕೆ ಶೂವಿನ ಹಿಂಬದಿಯಿಂದ ಬರುತ್ತದೆ, ಯಾವುದು ಮುಂಬದಿಯಿಂದ ಎಂಬುದನ್ನು ನೋಡಿಕೊಳ್ಳಬೇಕು. ಶೂವನ್ನು ಪ್ಲೇಟಿಗೆ ಹಿಡಿದಿಡುವ ಪಿನ್ನಿನ ಚಪ್ಪಟೆ ತಲೆ ಬಟ್ಟಲಿನ ಸೀಳಿನಿಂದ ತೊಂಬತ್ತು ಡಿಗ್ರಿ ತಿರುಗಿ ಅಡ್ಡ ಕೂತಿದೆಯೇ ಎಂದು ಬೆಳಕು ಹಿಡಿದು ಖಚಿತಪಡಿಸಿಕೊಳ್ಳತಕ್ಕದ್ದು. ದಶಕಗಳ ಬಿಸಿಗೆ ಸ್ಪ್ರಿಂಗುಗಳ ಕಸುವು ಹೋಗಿರುತ್ತದೆ. ಹೊಸ ಶೂಗಳ ಬೆಲೆಯೆದುರು ಇವುಗಳ ಬೆಲೆ ಏನೇನೂ ಅಲ್ಲ.

ಕೇಬಲ್ಲು ಎರಡು ಭಾಗಗಳ ವಸ್ತು: ಒಳಗೆ ಎಳೆಯುವ ತಂತಿ, ಹೊರಗೆ ಅದನ್ನು ಪೊರೆಯುವ ಕವಚ. ಕವಚದ ತುದಿ ಬ್ಯಾಕ್ ಪ್ಲೇಟಿನ ರಂಧ್ರದಲ್ಲಿ ತನ್ನ ಕೊಂಡಿಗಳ ಸಮೇತ 'ಟಕ್' ಎಂದು ಕೂರಬೇಕು. ಅದು ಸಡಿಲವಾಗಿದ್ದರೆ ಹಿಡಿಕೆ ಎಳೆದಾಗ ತಂತಿಯ ಬದಲು ಕವಚವೇ ಸರಿದು ಎಳೆತವನ್ನು ನುಂಗಿಬಿಡುತ್ತದೆ. ಕರಾವಳಿಯಲ್ಲೂ ಮಲೆನಾಡಿನಲ್ಲೂ ಓಡಿದ ಕಾರುಗಳ ಕವಚದೊಳಗೆ ಮಳೆನೀರು ಇಳಿದು ತಂತಿಗೆ ತುಕ್ಕು ಹಿಡಿದಿರುವುದು ಸಾಮಾನ್ಯ. ಇಂಥ ಕೇಬಲ್ಲು ಎಳೆದಾಗ ಬರುತ್ತದೆ, ಬಿಟ್ಟಾಗ ಹಿಂದಿರುಗುವುದಿಲ್ಲ. ಎಣ್ಣೆ ಸುರಿದು ಆಡಿಸಿದರೆ ಒಂದು ತಿಂಗಳು ನಡೆದೀತು. ಇಡೀ ಕಾರನ್ನೇ ಬಿಚ್ಚಿ ಕಟ್ಟುತ್ತಿರುವಾಗ ಹಳೆಯ ಕೇಬಲ್ಲನ್ನು ಉಳಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಹೊಸದನ್ನು ಹಾಕುವಾಗ ಅದು ಸೈಲೆನ್ಸರ್ ಕೊಳವೆಗೆ ತಾಗದಂತೆ, ಮೂಲದ ಕ್ಲಿಪ್ಪುಗಳಲ್ಲೇ ಸಾಗಬೇಕು. ಕಿರಿದಾದ ಬಾಗು ಎಲ್ಲಿಯೂ ಇರಕೂಡದು.

ಡ್ರಮ್ಮನ್ನು ಮರಳಿ ತೊಡಿಸುವ ಮುನ್ನ ಒಳಮೈಯಲ್ಲಿ ಸವೆತದ ಅಂಚು ಎದ್ದಿದೆಯೇ ನೋಡಬೇಕು. ಡ್ರಮ್ಮಿನ ಗರಿಷ್ಠ ಒಳವ್ಯಾಸವನ್ನು ಬಹಳಷ್ಟು ಡ್ರಮ್ಮುಗಳ ಮೇಲೆಯೇ ಅಚ್ಚೊತ್ತಿರುತ್ತಾರೆ. ಲೇತಿನಲ್ಲಿ ತರಿಸಿದ ಮೇಲೆ ಆ ಮಿತಿ ದಾಟಿದ್ದರೆ ಡ್ರಮ್ಮು ಗುಜರಿಗೆ ಸಲ್ಲತಕ್ಕದ್ದು.

ಕೇಬಲ್ಲಿನ ಸರದಿ ಕೊನೆಗೆ

ಡ್ರಮ್ಮು ಕೂತ ಮೇಲೂ ಹಿಡಿಕೆಯ ಬಳಿಗೆ ಹೋಗುವ ಕಾಲ ಬಂದಿರುವುದಿಲ್ಲ. ಮೊದಲು ಬ್ರೇಕ್ ಎಣ್ಣೆಯ ಕೊಳವೆಗಳಿಂದ ಗಾಳಿ ತೆಗೆಯಬೇಕು. ಅನಂತರ ಹಿಡಿಕೆ ಕೆಳಗಿರುವಂತೆಯೇ ಕಾಲಿನ ಪೆಡಲನ್ನು ಹಲವು ಬಾರಿ ದೃಢವಾಗಿ ಒತ್ತಿ ಬಿಡಬೇಕು. ಆಗ ಸ್ವಯಂ ಅಡ್ಜಸ್ಟರ್ ಹಲ್ಲು ಹಲ್ಲಾಗಿ ಮುಂದೆ ಸರಿದು ಶೂಗಳನ್ನು ಡ್ರಮ್ಮಿನ ಹತ್ತಿರಕ್ಕೆ ತರುತ್ತದೆ. ನಿಶ್ಶಬ್ದವಾಗಿ ಆಲಿಸಿದರೆ ಸದ್ದೂ ಕೇಳಿಸೀತು. ಪೆಡಲಿನ ಬದಲು ಹಿಡಿಕೆಯ ಎಳೆತದಿಂದ ಸರಿಯುವ ಅಡ್ಜಸ್ಟರುಗಳೂ ಇವೆ, ಕೈಯಿಂದಲೇ ತಿರುಗಿಸಬೇಕಾದವೂ ಇವೆ. ಕೈಪಿಡಿ ನೋಡದೆ ಇದನ್ನು ಊಹಿಸಲಾಗದು. ಯಾವ ಬಗೆಯದಾದರೂ ಕೊನೆಯಲ್ಲಿ ಚಕ್ರವನ್ನು ಕೈಯಿಂದ ತಿರುಗಿಸಿದರೆ ಅದು ತಡೆಯಿಲ್ಲದೆ ತಿರುಗಬೇಕು. ಲೈನಿಂಗ್ ಎಲ್ಲೋ ಒಂದಿಷ್ಟು ಸವರಿದ ಸದ್ದು ಬಂದರೆ ಬಾಧಕವಿಲ್ಲ.

ಇಷ್ಟಾದ ಮೇಲೆ ಕೇಬಲ್ಲು. ಹೊಸ ತಂತಿ ಮೊದಮೊದಲು ತುಸು ಹಿಗ್ಗುತ್ತದೆ. ಕವಚವೂ ತನ್ನ ಜಾಗದಲ್ಲಿ ಅದುಮಿಕೊಂಡು ಕೂರಬೇಕು. ಆದಕಾರಣ ಹಿಡಿಕೆಯನ್ನು ಹಲವು ಬಾರಿ ಬಲವಾಗಿ ಎಳೆದು ಬಿಟ್ಟು, ಆ ಬಳಿಕ ನಟ್ಟನ್ನು ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಬರಬೇಕು. ಹಿಡಿಕೆ ಎಷ್ಟು 'ಟಿಕ್' ಸದ್ದಿಗೆ ಪೂರ್ತಿ ಹಿಡಿಯಬೇಕೆಂಬ ಲೆಕ್ಕ ಪ್ರತಿ ಮಾದರಿಗೂ ಬೇರೆ. ಸಣ್ಣ ಕಾರುಗಳಲ್ಲಿ ಅದು ಸಾಮಾನ್ಯವಾಗಿ ನಾಲ್ಕರಿಂದ ಒಂಬತ್ತರ ನಡುವೆ ಇರುತ್ತದೆ. ಕೈಪಿಡಿಗಳು ಇದನ್ನು ಸುಮಾರು 20 ಕಿಲೋ ಬಲದ ಎಳೆತಕ್ಕೆ ಹೇಳುವುದುಂಟು. ಎರಡೇ ಟಿಕ್ಕಿಗೆ ಹಿಡಿದರೆ ಅದು ಒಳ್ಳೆಯ ಹ್ಯಾಂಡ್‌ಬ್ರೇಕ್ ಎಂಬ ನಂಬಿಕೆ ವ್ಯಾಪಕವಾಗಿದೆ. ಅದು ಕೇಬಲ್ಲು ಮಿತಿಮೀರಿ ಬಿಗಿದಿರುವುದರ ಲಕ್ಷಣ. ಇನ್ನೊಂದೆಡೆ, ಎಷ್ಟು ಬಿಗಿದರೂ ಹನ್ನೆರಡು ಟಿಕ್ ದಾಟುತ್ತಿದ್ದರೆ ನಟ್ಟನ್ನು ಬಿಟ್ಟು ಮತ್ತೆ ಡ್ರಮ್ಮಿನೊಳಗೆ ನೋಡಬೇಕು. ದೋಷ ಅಲ್ಲಿದೆ.

ಎರಡು ಚಕ್ರಗಳ ಕೇಬಲ್ಲುಗಳು ಕೂಡುವಲ್ಲಿ ಈಕ್ವಲೈಸರ್ ಎಂಬ ಚಿಕ್ಕ ತಕ್ಕಡಿಯಂಥ ತುಂಡು ಇರುತ್ತದೆ. ಹಿಡಿಕೆ ಎಳೆದಾಗ ಅದು ನೇರವಾಗಿ ನಿಂತರೆ ಎರಡೂ ಬದಿಗೆ ಸಮಾನ ಎಳೆತವಿದೆಯೆಂದು ತಿಳಿಯಬೇಕು. ಓರೆಯಾಗಿದ್ದರೆ ಒಂದು ಬದಿಯಲ್ಲಿ ಕೇಬಲ್ಲು ಸಿಕ್ಕಿಕೊಂಡಿದೆ ಅಥವಾ ಶೂಗಳ ಅಂತರ ಹೆಚ್ಚಿದೆ. ಕೊನೆಗೆ ಲಾಕ್ ನಟ್ ಬಿಗಿದು, ಹಿಡಿಕೆ ಇಳಿಸಿ, ಎರಡೂ ಚಕ್ರಗಳು ಮೊದಲಿನಂತೆಯೇ ನಿರಾಳವಾಗಿ ತಿರುಗುತ್ತವೆಯೇ ಎಂದು ನೋಡತಕ್ಕದ್ದು. ಡ್ಯಾಷ್‌ಬೋರ್ಡಿನ ಕೆಂಪು ದೀಪ ಮೊದಲ ಟಿಕ್ಕಿಗೇ ಹೊತ್ತಿ, ಹಿಡಿಕೆ ಪೂರ್ತಿ ಇಳಿದಾಗ ಆರಬೇಕು.

ಜೀಪಿನ ಬ್ರೇಕ್ ಇರುವುದು ಚಕ್ರದಲ್ಲಲ್ಲ

ಮಲೆನಾಡಿನ ಕಾಫಿ ತೋಟಗಳಲ್ಲಿ ಇಂದಿಗೂ ಓಡಾಡುವ ಹಳೆಯ ಜೀಪುಗಳಿಗೆ ಮೇಲಿನ ವಿವರಣೆಯ ಬಹುಭಾಗ ಅನ್ವಯಿಸುವುದಿಲ್ಲ. ವಿಲ್ಲಿಸ್ ಜೀಪಿನಲ್ಲೂ, ಅದನ್ನು 1947ರಿಂದ ಮುಂಬಯಿಯಲ್ಲಿ ಜೋಡಿಸತೊಡಗಿದ ಮಹೀಂದ್ರದ ಹಳೆಯ ಮಾದರಿಗಳಲ್ಲೂ ಹ್ಯಾಂಡ್‌ಬ್ರೇಕ್ ಚಕ್ರದಲ್ಲಿರದೆ ಟ್ರಾನ್ಸ್‌ಫರ್ ಕೇಸಿನ ಹಿಂಭಾಗದಲ್ಲಿ, ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಆರಂಭವಾಗುವಲ್ಲಿ ಇರುತ್ತದೆ. 1908ರ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಕಾಲಿನ ಬ್ರೇಕ್ ಗೇರ್‌ಬಾಕ್ಸಿನ ಮೇಲೆ, ಕೈಬ್ರೇಕ್ ಹಿಂದಿನ ಚಕ್ರಗಳ ಮೇಲೆ ಕೆಲಸ ಮಾಡುತ್ತಿತ್ತು. ಜೀಪಿನಲ್ಲಿ ಅದು ತಿರುವುಮುರುವು.

ಶಾಫ್ಟನ್ನು ಹಿಡಿದು ನಿಲ್ಲಿಸುವುದರಿಂದ ಒಂದು ಲಾಭವಿದೆ. ಡಿಫರೆನ್ಷಿಯಲ್‌ನ ಗೇರ್ ಅನುಪಾತದಷ್ಟು ಬಲ ಗುಣಿಸಿ ಚಕ್ರಕ್ಕೆ ಬರುವುದರಿಂದ ಪುಟ್ಟ ಡ್ರಮ್ಮೇ ಭಾರದ ವಾಹನವನ್ನು ಹಿಡಿಯುತ್ತದೆ. ಅದೇ ಡಿಫರೆನ್ಷಿಯಲ್ ಅಪಾಯದ ಮೂಲವೂ ಹೌದು. ಪಂಕ್ಚರ್ ತಿದ್ದಲು ಹಿಂದಿನ ಒಂದು ಚಕ್ರವನ್ನು ಜಾಕಿನಿಂದ ಎತ್ತಿದೊಡನೆ, ಶಾಫ್ಟು ಬಿಗಿಯಾಗಿ ನಿಂತಿದ್ದರೂ, ಗಾಳಿಯಲ್ಲಿರುವ ಚಕ್ರ ಒಂದು ದಿಕ್ಕಿಗೆ ತಿರುಗುತ್ತಾ ನೆಲದ ಮೇಲಿನ ಚಕ್ರವನ್ನು ಇನ್ನೊಂದು ದಿಕ್ಕಿಗೆ ತಿರುಗಲು ಬಿಟ್ಟುಕೊಡುತ್ತದೆ. ಹ್ಯಾಂಡ್‌ಬ್ರೇಕ್ ಎಳೆದಿರುವ ಜೀಪು ಜಾಕಿನಿಂದ ಉರುಳಿ ಬೀಳುವುದು ಹೀಗೆ. ಗೇರಿನಲ್ಲಿ ಬಿಟ್ಟರೂ ಇದೇ ಗತಿ; ಮುಂದಿನ ಚಕ್ರಗಳಿಗೂ ಗೇರ್ ಹಾಕಿಟ್ಟರೆ ಮಾತ್ರ ಸ್ವಲ್ಪ ಆಸರೆ. ರಿಪೇರಿಯ ನಡುವೆ ಪ್ರೊಪೆಲ್ಲರ್ ಶಾಫ್ಟನ್ನೋ ಹಿಂದಿನ ಆಕ್ಸೆಲನ್ನೋ ಬಿಚ್ಚಿದರಂತೂ ಹ್ಯಾಂಡ್‌ಬ್ರೇಕ್ ಹೆಸರಿಗೆ ಮಾತ್ರ.

ಜೀಪಿನ ಈ ಬ್ರೇಕನ್ನು ಮರಳಿ ಕಟ್ಟುವಾಗ ಮೊದಲು ನೋಡಬೇಕಾದದ್ದು ಟ್ರಾನ್ಸ್‌ಫರ್ ಕೇಸಿನ ಹಿಂದಿನ ಆಯಿಲ್ ಸೀಲ್. ಅದು ಸೋರಿದರೆ ಗೇರ್ ಎಣ್ಣೆ ನೇರವಾಗಿ ಲೈನಿಂಗಿಗೆ ಬೀಳುತ್ತದೆ. ಹೊಸ ಶೂ ಹಾಕಿ ಹಳೆಯ ಸೀಲ್ ಉಳಿಸಿದವರು ಕೆಲವೇ ವಾರಗಳಲ್ಲಿ ಅದೇ ಕೆಲಸವನ್ನು ಮತ್ತೊಮ್ಮೆ ಮಾಡಬೇಕಾಗುತ್ತದೆ. ಇಲ್ಲಿಯೂ ಹೊಂದಾಣಿಕೆಯ ನಿಯಮ ಅದೇ: ಮೊದಲು ಶೂಗಳ ಅಂತರ, ಆಮೇಲೆ ಕೇಬಲ್ಲು. ವಾಹನ ಚಲಿಸುತ್ತಿರುವಾಗ ಈ ಬ್ರೇಕನ್ನು ಎಳೆದರೆ ಶಾಫ್ಟಿನ ಕೀಲುಗಳಿಗೂ ಗೇರುಗಳಿಗೂ ಪೆಟ್ಟು ಬೀಳುತ್ತದೆ.

ಡಿಸ್ಕ್ ಇದ್ದರೆ

ಹಿಂದಿನ ಚಕ್ರಕ್ಕೂ ಡಿಸ್ಕ್ ಇರುವ ಕಾರುಗಳಲ್ಲಿ ಎರಡು ಬಗೆ. ಕೆಲವದರಲ್ಲಿ ಡಿಸ್ಕಿನ ನಡುಭಾಗದ ಟೊಪ್ಪಿಗೆಯೊಳಗೆ ಪುಟ್ಟ ಡ್ರಮ್ ಬ್ರೇಕ್ ಅಡಗಿರುತ್ತದೆ. ಬಾಕಿಯವುಗಳಲ್ಲಿ ಕ್ಯಾಲಿಪರಿನ ಪಿಸ್ಟನ್ನನ್ನೇ ತಿರುಪಿನ ಮೂಲಕ ಒತ್ತುವ ಏರ್ಪಾಡಿರುತ್ತದೆ. ಇಂಥ ಪಿಸ್ಟನ್ನನ್ನು ಒಳಕ್ಕೆ ತಿರುಗಿಸುತ್ತಾ ಕಳಿಸಬೇಕೇ ಹೊರತು ಬರಿದೇ ಅದುಮಿದರೆ ಒಳಗಿನ ತಿರುಪು ಹಾಳಾಗುತ್ತದೆ. ಗುಂಡಿ ಒತ್ತಿದರೆ ಹಿಡಿಯುವ ಎಲೆಕ್ಟ್ರಾನಿಕ್ ಬ್ರೇಕುಗಳನ್ನು ಸರ್ವಿಸ್ ಸ್ಥಿತಿಗೆ ತರದೆ ಬಿಚ್ಚಕೂಡದು. ಮೋಟಾರು ಬೆರಳುಗಳ ನಡುವೆಯೇ ಚಾಲೂ ಆಗಬಲ್ಲದು.

ಪರೀಕ್ಷೆ

ಸ್ಟ್ಯಾಂಡಿನ ಮೇಲೆ ಹಿಡಿಯುವ ಬ್ರೇಕ್ ರಸ್ತೆಯ ಮೇಲೆ ಹಿಡಿಯುತ್ತದೆಯೆಂದು ಭಾವಿಸಬಾರದು. ಹೊಸ ಲೈನಿಂಗ್ ಡ್ರಮ್ಮಿನ ಮೈಗೆ ಒಗ್ಗಿಕೊಳ್ಳಲು ಕೆಲವು ನೂರು ಕಿಲೋಮೀಟರ್ ಓಟ ಬೇಕಾಗುತ್ತದೆ. ಮೊದಲ ಪರೀಕ್ಷೆಯನ್ನು ಜನಸಂಚಾರವಿಲ್ಲದ ಸೌಮ್ಯ ಇಳಿಜಾರಿನಲ್ಲಿ ಮಾಡಬೇಕು. ಸೀಟಿನಲ್ಲಿ ಒಬ್ಬರು ಕುಳಿತು ಕಾಲನ್ನು ಪೆಡಲಿನ ಮೇಲೆ ಸಿದ್ಧವಾಗಿಟ್ಟಿರಲಿ. ಕಾರಿನ ಮುಂದೆ ಹಿಂದೆ ಯಾರೂ ನಿಲ್ಲಕೂಡದು. ಗೇರ್ ತೆಗೆದು, ಹ್ಯಾಂಡ್‌ಬ್ರೇಕ್ ಒಂದನ್ನೇ ಹಾಕಿ, ಪೆಡಲನ್ನು ನಿಧಾನವಾಗಿ ಬಿಡಬೇಕು.

ಇದೇ ಪರೀಕ್ಷೆಯನ್ನು ಕಾರನ್ನು ತಿರುಗಿಸಿ ಇನ್ನೊಮ್ಮೆ ಮಾಡುವುದು ಅವಶ್ಯ. ಡ್ರಮ್ಮು ಉರುಳಲು ಯತ್ನಿಸುವ ದಿಕ್ಕಿಗೆ ಅನುಗುಣವಾಗಿ ಒಂದು ಶೂ ಡ್ರಮ್ಮಿನೊಡನೆ ತಾನೇ ಎಳೆದುಕೊಂಡು ಇನ್ನಷ್ಟು ಬಿಗಿಯುತ್ತದೆ. ದಿಕ್ಕು ಬದಲಾದರೆ ಈ ಪಾತ್ರ ಎದುರಿನ ಶೂವಿಗೆ ಹೋಗುತ್ತದೆ. ಒಂದು ಶೂ ಸರಿಯಾಗಿ ಕೂರದ ಬ್ರೇಕ್ ಏರುಮುಖದಲ್ಲಿ ಗಟ್ಟಿಯಾಗಿ ನಿಂತು ಇಳಿಮುಖದಲ್ಲಿ ಜಾರಬಹುದು. ಅಲ್ಲದೆ, ಮೂಗು ಕೆಳಗಾಗಿ ನಿಂತ ಕಾರಿನ ಭಾರ ಮುಂದಕ್ಕೆ ವಾಲಿ ಹಿಂದಿನ ಚಕ್ರಗಳು ಹಗುರವಾಗುತ್ತವೆ. ಒದ್ದೆ ರಸ್ತೆಯಲ್ಲಿ ಚಕ್ರ ತಿರುಗದಿದ್ದರೂ ಟಯರು ಜಾರುವ ಸಂಭವವಿದೆ.

ಚಾರ್ಮಾಡಿಯಂಥ ಘಾಟಿ ಇಳಿದು ಬಂದು ನಿಲ್ಲಿಸಿದಾಗ ಇನ್ನೊಂದು ಸಂಗತಿ ಮುಖ್ಯವಾಗುತ್ತದೆ. ಬಿಸಿಯಾಗಿ ಹಿಗ್ಗಿದ ಡ್ರಮ್ಮು ತಣಿದು ಕುಗ್ಗಿದಾಗ ಶೂಗಳನ್ನು ಇನ್ನಷ್ಟು ಬಿಗಿಯಾಗಿ ಅಪ್ಪುತ್ತದೆ. ಡಿಸ್ಕಿನಲ್ಲಿ ಆಗುವುದು ಇದಕ್ಕೆ ವಿರುದ್ಧ: ಡಿಸ್ಕು, ಪ್ಯಾಡು ಎರಡೂ ತಣಿದು ತೆಳುವಾಗಿ ಹಿಡಿತ ಸಡಿಲಗೊಳ್ಳುತ್ತದೆ. ನಿಲ್ಲಿಸಿದ ಕೆಲವು ನಿಮಿಷಗಳ ನಂತರ, ಚಾಲಕ ಚಹಾದಂಗಡಿಯಲ್ಲಿರುವಾಗ, ಕಾರು ತಾನಾಗಿ ಹೊರಡುವುದಕ್ಕೆ ಇದು ಕಾರಣ. ಏರುಮುಖವಾಗಿ ನಿಲ್ಲಿಸಿದಾಗ ಮೊದಲ ಗೇರ್, ಇಳಿಮುಖವಾಗಿ ನಿಲ್ಲಿಸಿದಾಗ ರಿವರ್ಸ್ ಗೇರ್ ಹಾಕಿ, ಉರುಳಿದರೂ ರಸ್ತೆಯ ಅಂಚಿಗೆ ತಾಗಿ ನಿಲ್ಲುವಂತೆ ಮುಂದಿನ ಚಕ್ರ ತಿರುಗಿಸಿಡುವುದು ಇದೇ ಕಾರಣಕ್ಕೆ ರೂಢಿಯಾಗಿರಬೇಕು.

ಮರುಜೋಡಣೆಯ ನಂತರ ಸುಮಾರು 500 ಕಿಲೋಮೀಟರ್ ಓಡಿಸಿ ಟಿಕ್‌ಗಳ ಲೆಕ್ಕವನ್ನು ಮತ್ತೊಮ್ಮೆ ತೆಗೆದುಕೊಳ್ಳಬೇಕು. ಒಂದೆರಡು ಹೆಚ್ಚಿದ್ದರೆ ಅದು ಹೊಸ ಕೇಬಲ್ಲಿನ ಹಿಗ್ಗುವಿಕೆ. ನಟ್ಟನ್ನು ಅಷ್ಟಕ್ಕೆ ಮಾತ್ರ ಬಿಗಿದರೆ ಸಾಕು. ಬಣ್ಣದ ಕೆಲಸಕ್ಕೋ ಬಿಡಿಭಾಗಕ್ಕೋ ಕಾಯುತ್ತಾ ಕಾರು ಮಳೆಗಾಲವಿಡೀ ನಿಲ್ಲುವಂತಿದ್ದರೆ ಹ್ಯಾಂಡ್‌ಬ್ರೇಕ್ ಎಳೆದಿಡದೆ, ಸಮತಟ್ಟಾದ ನೆಲದಲ್ಲಿ ಗೇರ್ ಹಾಕಿ, ಚಕ್ರಗಳಿಗೆ ಅಡೆಗಟ್ಟೆ ಕೊಟ್ಟಿಡತಕ್ಕದ್ದು. ಎಳೆದಿಟ್ಟರೆ ತೇವಕ್ಕೆ ಶೂಗಳು ಡ್ರಮ್ಮಿಗೆ ತುಕ್ಕಿನಿಂದ ಅಂಟಿಕೊಳ್ಳುತ್ತವೆ. ಮೂರು ತಿಂಗಳ ನಂತರ ಡ್ರಮ್ಮನ್ನು ಬಿಡಿಸಲು ಮತ್ತೆ ಎಲ್ಲವನ್ನೂ ಬಿಚ್ಚಬೇಕಾಗುತ್ತದೆ.